ಬಾವಿಕಟ್ಟೆಯ ನೆರಳು

"ಒಂದು ಮಾತು ಕೇಳ್ತೇನೆ ಪದ್ಮ, ಸಿಟ್ಟು ಮಾಡಬಾರದು," ಎಂದ ಲೋಕನಾಥ. "ನಿಮ್ಮಲ್ಲಿ ರಾತ್ರಿ ಉಣ್ಣುವುದುಂಟಾ?"

ಪದ್ಮರಾಜ ಆಗಷ್ಟೇ ತನ್ನ ಕಥೆಯ ಕೊನೆಯ ಸಾಲು ಓದಿ ಮುಗಿಸಿ, ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡುತ್ತಿದ್ದ. ಆ ಸಾಲಿಗಾಗಿ ಅವನು ತುಂಬ ಒದ್ದಾಡಿದ್ದ. ಹುಣ್ಣಿಮೆಯ ರಾತ್ರಿ ಕಥಾನಾಯಕಿ ಸುಮತಿ ಅಂಗಳದಲ್ಲಿ ಗಂಡನಿಗೆ ಬೆಳ್ಳಿ ಬಟ್ಟಲಲ್ಲಿ ಪಾಯಸ ಬಡಿಸುತ್ತಾಳೆ. ಆ ಪಾಯಸದಲ್ಲಿ ಚಂದ್ರ ತೇಲುತ್ತಾನೆ. ಇಂಥ ಸಾಲು ಕೇಳಿದವನು ಸ್ವಲ್ಪ ಹೊತ್ತಾದರೂ ಸುಮ್ಮನೆ ಕೂರಬೇಕು ಎಂಬುದು ಪದ್ಮರಾಜನ ನಿರೀಕ್ಷೆ. ಊಟದ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ.

"ಯಾರಲ್ಲಿ?"

"ನಿಮ್ಮಲ್ಲಿ, ಜೈನರಲ್ಲಿ. ಸುಮತಿಯ ಮನೆ ಬಸದಿಯ ಪಕ್ಕ ಅಂತ ಬರೆದಿದ್ದಿ. ಗಂಡ ಬೆಳಿಗ್ಗೆ ಎದ್ದು ಅಭಿಷೇಕಕ್ಕೆ ಹೋಗ್ತಾನೆ. ಮತ್ತೆ ರಾತ್ರಿ ಪಾಯಸ ಉಣ್ತಾನಲ್ಲ, ಅದಕ್ಕೆ ಕೇಳಿದ್ದು."

ಪದ್ಮರಾಜನ ಕೈ ಹಾಳೆಗಳ ಮೇಲೆ ನಿಂತಿತು. ಹುಟ್ಟಿದಂದಿನಿಂದ ತನ್ನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಂದು ಎಲೆ ಹಾಕಿದ್ದನ್ನು ಅವನು ಕಂಡಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಆಗಿರುತ್ತಿತ್ತು. ಮೂಡುಬಿದಿರೆಯ ಕೂಸಿಗೂ ಗೊತ್ತಿರುವ ಈ ಸಂಗತಿ, ಕಥೆ ಬರೆಯುವಾಗ ಅವನಿಗೆ ಹೊಳೆಯಲೇ ಇಲ್ಲ. ಅವನು ಓದಿದ ಕಥೆಗಳಲ್ಲೆಲ್ಲ ಗಂಡಂದಿರು ರಾತ್ರಿಯೇ ಮನೆಗೆ ಬರುತ್ತಿದ್ದರು, ಹೆಂಡಂದಿರು ರಾತ್ರಿಯೇ ಬಡಿಸುತ್ತಿದ್ದರು. ಅವನೂ ಬಡಿಸಿಬಿಟ್ಟಿದ್ದ.

"ಕಥೆಯಲ್ಲಿ ಅದನ್ನೆಲ್ಲ ನೋಡ್ಲಿಕ್ಕಿಲ್ಲ ಮಾರಾಯ," ಎಂದ. "ಅದು ರಸದ ಪ್ರಶ್ನೆ."

"ಹಾಗಾ," ಎಂದು ಲೋಕನಾಥ ತಲೆಯಾಡಿಸಿದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದೇ ಪದ್ಮರಾಜನಿಗೆ ಮೆಣಸು ಅರೆದು ಹಚ್ಚಿದಂತಾಯಿತು.

ಭಾನುವಾರದ ಮಧ್ಯಾಹ್ನ ಕಳೆದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಭಟ್ಟರ ಹೋಟೆಲಿನ ಒಳಬೆಂಚು ಹೈಸ್ಕೂಲಿನ ದಿನಗಳಿಂದಲೂ ಈ ಇಬ್ಬರದು. ಪದ್ಮರಾಜ ಈಗ ಮೂಡುಬಿದಿರೆಯಲ್ಲಿಯೇ ಕನ್ನಡ ಮಾಸ್ತರ. ಲೋಕನಾಥ ಪಾಣೆಮಂಗಳೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ಆಗಾಗ ಅಕ್ಕ ಸರಸಳ ಮನೆಗೆಂದು ಬಂದವನು, ಅಕ್ಕನ ಮನೆಗೆ ಹೋಗುವ ಮೊದಲು ಹುಡುಕುವುದು ಪದ್ಮರಾಜನನ್ನು. ಇಬ್ಬರೂ ಮಾತಾಡುವುದು ತುಳುವಿನಲ್ಲಿ. ಕಥೆಯ ವಿಷಯ ಬಂದರೆ ಮಾತ್ರ, ಸಭೆಗೆ ಹೊರಟವರು ಅಂಗಿ ಹಾಕಿಕೊಂಡ ಹಾಗೆ, ಕನ್ನಡಕ್ಕೆ ಬರುತ್ತಿದ್ದರು.

ಆ ಕನ್ನಡದಲ್ಲಿ ಪದ್ಮರಾಜನದು ಯಾವಾಗಲೂ ಒಂದು ಕೈ ಮೇಲೆ. ಶಾಲೆಯ ಕೈಬರಹದ ಪತ್ರಿಕೆಗೆ ಅವನೇ ಸಂಪಾದಕನಾಗಿದ್ದ. ಲೋಕನಾಥನ ಬರಹದಲ್ಲಿ ತುಳು ನುಸುಳಿದಲ್ಲೆಲ್ಲ ಕೆಂಪು ಶಾಯಿಯ ಗೆರೆ ಎಳೆದವನೂ ಅವನೇ. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲಂತೂ ಕನ್ನಡ ಮಾಸ್ತರರಿಗೆ ಊರಿನಲ್ಲಿ ಸ್ವಲ್ಪ ತೂಕ ಬಂದಿತ್ತು. ಮಂಗಳೂರಿನ ವಾರಪತ್ರಿಕೆಯವರಿಗೆ ಮಾತ್ರ ಈ ತೂಕ ತಿಳಿಯಲಿಲ್ಲ. ಅವರು ಲೋಕನಾಥನ ಕಥೆಗಳನ್ನು ಒಂದರ ಹಿಂದೊಂದು ಅಚ್ಚು ಹಾಕಿದರು. ಪದ್ಮರಾಜನ ಕಥೆಗಳು, ಅವನೇ ಒಳಗಿಟ್ಟ ಅಂಚೆಚೀಟಿ ಅಂಟಿಸಿಕೊಂಡು, ಹೋದ ದಾರಿಯಲ್ಲೇ ಮರಳಿ ಬಂದವು.

ಒಮ್ಮೆ ಸಂಪಾದಕರು ಜೊತೆಯಲ್ಲಿ ಒಂದು ಸಾಲು ಬರೆದಿದ್ದರು: ಭಾಷೆ ಚೆನ್ನಾಗಿದೆ, ಬರವಣಿಗೆ ಸುಧಾರಿಸಬೇಕು. ಪದ್ಮರಾಜ ಸುಧಾರಿಸಲು ಹೊರಟ. ತನ್ನಲ್ಲಿ ಶಬ್ದಗಳಿಗೆ ಬಡತನವೆಂದು ನಿಘಂಟನ್ನು ಅಕಾರದಿಂದ ಬಾಯಿಪಾಠ ಮಾಡಿದ. ಉಪಮೆ ಕಡಿಮೆಯಾಯಿತೆಂದು ಪುಟಪುಟಕ್ಕೂ ತುಂಬಿಸಿದ. ಪೆನ್ನು ಬದಲಿಸಿದ. ಕೊನೆಗೆ ಹೆಸರೇ ಸರಿಯಿಲ್ಲವೆಂದು ಒಂದು ಕಾವ್ಯನಾಮ ಇಟ್ಟುಕೊಂಡ. ಕಥೆ ಆ ಹೆಸರಿನಲ್ಲೂ ಮರಳಿ ಬಂತು, ವಿಳಾಸ ಹುಡುಕಲು ಅಂಚೆಯವನು ನಾಲ್ಕು ಮನೆ ಸುತ್ತಬೇಕಾಯಿತು, ಅಷ್ಟೇ. ಕಡೆಗೆ ಶಿಸ್ತೇ ಮುಖ್ಯವೆಂದು ತೀರ್ಮಾನಿಸಿ, ಸಂಜೆ ಶಾಲೆ ಬಿಟ್ಟ ಮೇಲೆ ವಾಚನಾಲಯದಲ್ಲಿ ಕೂತು ಬರೆಯತೊಡಗಿದ. ಅಲ್ಲಿ ಮೊದಲು ಕೈ ಹೋಗುತ್ತಿದ್ದುದು ಹೊಸ ಸಂಚಿಕೆಗೆ. ಲೋಕನಾಥನ ಹೆಸರು ಕಂಡರೆ ಆ ದಿನ ಸಂಕಟದಲ್ಲಿ ಬರೆಯಲಾಗುತ್ತಿರಲಿಲ್ಲ. ಕಾಣದಿದ್ದರೆ ಸಂತೋಷದಲ್ಲಿ ಬರೆಯಲಾಗುತ್ತಿರಲಿಲ್ಲ.

ಇಂಥ ಸಂಜೆಗಳಲ್ಲಿಯೂ ಅವನು ನಿಯಮ ಮುರಿದವನಲ್ಲ. ಹೊತ್ತು ಮುಳುಗುವ ಮೊದಲೇ ಭಟ್ಟರಲ್ಲಿ ಎರಡು ಬನ್ಸು ತಿಂದು ಚಾ ಕುಡಿದು, ದೀಪ ಹಚ್ಚಿದ ಮೇಲೆ ಮನೆ ಸೇರಿ, "ನನ್ನದು ಆಗಿದೆ ಅಮ್ಮ," ಎನ್ನುತ್ತಿದ್ದ. ಹೆಂಡತಿ ಯಶೋಧಾ ಬಾಣಂತನಕ್ಕೆಂದು ಬೆಳ್ತಂಗಡಿಯ ತವರಿಗೆ ಹೋದಂದಿನಿಂದ ಈ ಕ್ರಮ ಹೆಚ್ಚು ಕಡಿಮೆ ದಿನನಿತ್ಯದ್ದಾಗಿತ್ತು.

"ಈಗ ನಿನ್ನದು ಓದು," ಎಂದ ಪದ್ಮರಾಜ.

ದೀಪಾವಳಿ ವಿಶೇಷಾಂಕಕ್ಕೆ ಕಥೆ ಕೊಡಲು ಮರುದಿನ ಕೊನೆ. ಲೋಕನಾಥ ಮಿಲ್ಲಿನ ಕೆಲಸಕ್ಕೆಂದು ಬೆಳಗಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗುವವನಿದ್ದ. ಇಬ್ಬರ ಕಥೆಯನ್ನೂ ತಾನೇ ಪತ್ರಿಕೆಯ ಆಫೀಸಿಗೆ ಮುಟ್ಟಿಸುವುದೆಂದು ಮಾತಾಗಿತ್ತು. ಅವನು ಚೀಲದಿಂದ ಮಿಲ್ಲಿನ ಹಳೆಯ ಹಾಳೆಗಳನ್ನು ತೆಗೆದ. ಒಂದು ಮಗ್ಗುಲಲ್ಲಿ ಭತ್ತದ ಮುಡಿಗಳ ಲೆಕ್ಕ, ಇನ್ನೊಂದು ಮಗ್ಗುಲಲ್ಲಿ ಕಥೆ. ಓದುವಾಗ ಅವನ ಧ್ವನಿಯಲ್ಲಿ ಏರಿಳಿತವಿಲ್ಲ. ಅಂಗಡಿಯ ಸಾಮಾನು ಕೂಗಿ ಹೇಳಿದಂತೆ ಓದುತ್ತಾನೆ. ಇಂಥ ಓದಿಗೆ ಯಾವ ಕಥೆ ನಿಂತೀತು ಎಂದು ಪದ್ಮರಾಜ ಸಮಾಧಾನದಿಂದ ಗೋಡೆಗೆ ಒರಗಿದ.

ಬೆಳ್ತಂಗಡಿಯ ಕಡೆಯ ಒಂದು ಜೈನರ ಮನೆ. ಚಾತುರ್ಮಾಸದ ದಿನ. ಮುದುಕಿಯೊಬ್ಬಳು ಅಡಿಗೆ ಮುಗಿಸಿ ಎರಡು ಎಲೆ ಹಾಕಿ ಜಗಲಿಗೆ ಬಂದು ಕೂತಿದ್ದಾಳೆ. ಹಲಸಿನ ಮರದ ನೆರಳು ಅಂಗಳ ದಾಟಿ ಬಾವಿಕಟ್ಟೆಯ ಹತ್ತಿರ ಬರುತ್ತದೆ. ಮುದುಕಿ ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತಿದ್ದಾಳೆ. ನೆರಳು ಕಟ್ಟೆ ಹತ್ತಿದರೆ ಹೊತ್ತಾಯಿತೆಂದು ಲೆಕ್ಕ. ಮಗ ಬರಲಿಲ್ಲ. ನೆರಳು ಕಟ್ಟೆ ಹತ್ತಿತು, ಕಟ್ಟೆಯನ್ನು ಮುಚ್ಚಿತು, ಬಿಸಿಲು ಹೋಯಿತು. ಅವಳು ಎದ್ದು ಎರಡೂ ಎಲೆ ಸುರುಳಿ ಸುತ್ತಿದಳು. ಬಿಸಿ ಅನ್ನವನ್ನು ಹಟ್ಟಿಗೆ ಕೊಂಡುಹೋಗಿ ದನದ ಬಾನಿಗೆ ಸುರಿದಳು. ಆಮೇಲೆ ಬಾವಿಯ ಬಳಿ ಬಂದು, ಉಣ್ಣದ ಕೈಯನ್ನು ತೊಳೆದುಕೊಂಡಳು.

ಅಲ್ಲಿಗೆ ಕಥೆ ಮುಗಿಯಿತು. ಲೋಕನಾಥ ತಣ್ಣಗಾದ ಚಾ ಎತ್ತಿ ಒಂದೇ ಗುಟುಕಿಗೆ ಕುಡಿದ.

ಪದ್ಮರಾಜ ಗೋಡೆ ಬಿಟ್ಟು ನೆಟ್ಟಗೆ ಕೂತ. ಉಣ್ಣದ ಕೈ ತೊಳೆದುಕೊಂಡಳು ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿತು ಎನ್ನಬಹುದಿತ್ತು, ಅವನು ಮೀನು ತಿನ್ನುವವನಾಗಿದ್ದರೆ. ಹೊಟ್ಟೆಕಿಚ್ಚು ಅವನಿಗೆ ಹೊಸದಲ್ಲ. ಆದರೆ ಈವರೆಗೆ ಅವನು ಕರುಬಿದ್ದು ಲೋಕನಾಥನ ಹೆಸರಿಗೆ, ಅಚ್ಚಾದ ಅಕ್ಷರಕ್ಕೆ. ಇವತ್ತು ಮೊದಲ ಬಾರಿಗೆ ಒಂದು ವಾಕ್ಯಕ್ಕೆ ಕರುಬಿದ. ಅದೂ ಅಲ್ಲದೆ ಆ ಹಲಸಿನ ಮರ ಯಾರದು? ಆ ಬಾವಿಕಟ್ಟೆ ಯಾರ ಮನೆಯದು? ಮೊನ್ನೆ ತಾನಿಲ್ಲದಾಗ ತನ್ನ ಜಗಲಿಯಲ್ಲಿ ಕೂತು ಹೋದ ಈ ಗುಮಾಸ್ತ, ಅಂಗಳದಲ್ಲಿ ಒಣಗಲು ಹಾಕಿದ್ದನ್ನು ಎತ್ತಿಕೊಂಡು ಹೋಗುವವರಂತೆ ಎಲ್ಲವನ್ನೂ ಎತ್ತಿಕೊಂಡು ಹೋಗಿದ್ದ. ಅನ್ನವನ್ನು ದನಕ್ಕೆ ಹಾಕಿದ್ದು ಮಾತ್ರ ಇವನದೇ ಕಟ್ಟುಕತೆ ಇರಬೇಕು.

"ಹೇಗುಂಟು?" ಎಂದ ಲೋಕನಾಥ.

"ಬರವಣಿಗೆ ಅಡ್ಡಿಯಿಲ್ಲ. ಆದರೆ ನಮ್ಮಲ್ಲಿ ಹಾಗಿಲ್ಲ."

"ಏನು ಇಲ್ಲ?"

"ಮಗನಿಗೆ ಕಾದು ತಾಯಿ ಉಪವಾಸ ಕೂರುವುದು. ನಿಯಮ ಅಂದ ಮೇಲೆ ನಿಯಮ. ಹೊತ್ತು ಮುಳುಗುವ ಮೊದಲು ಯಾರು ಮನೆಯಲ್ಲಿದ್ದಾರೋ ಅವರು ಉಣ್ತಾರೆ. ಇದನ್ನು ಓದಿದರೆ ನಮ್ಮವರು ನಗಾಡ್ತಾರೆ. ಕೆಲವರಿಗೆ ಸಿಟ್ಟೂ ಬರಬಹುದು, ಹೊರಗಿನವರು ನಮ್ಮ ಆಚಾರದ ಬಗ್ಗೆ ಏನೇನೋ ಬರೀತಾರೆ ಅಂತ."

ಲೋಕನಾಥನ ಮುಖ ಸಣ್ಣದಾಯಿತು. "ಆದರೆ ನಾನು ನೋಡಿದ್ದು..." ಎಂದವನು ನಿಲ್ಲಿಸಿದ. ಪದ್ಮರಾಜನ ಮುಖವನ್ನೊಮ್ಮೆ ನೋಡಿದ. "ಇರ್ಲಿ. ನೀನೇ ಇಲ್ಲ ಅಂದ ಮೇಲೆ ಮುಗೀತಲ್ಲ. ಅದು ತೆಗೆದರೆ ಕಥೆಯಲ್ಲಿ ಮತ್ತೆಂತ ಉಂಟು? ಈ ಸಲ ನಾನು ಕೊಡುವುದಿಲ್ಲ. ನಿನ್ನದನ್ನು ಮುಟ್ಟಿಸ್ತೇನೆ."

ಹಾಳೆಗಳು ಚೀಲಕ್ಕೆ ಮರಳಿದವು. ಪದ್ಮರಾಜನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತನ್ನ ಕಥೆಯಲ್ಲಿ ಸ್ವಲ್ಪ ತಿದ್ದಲಿಕ್ಕುಂಟು, ಬೆಳಿಗ್ಗೆ ಬಸ್ಸಿಗೆ ತಂದು ಕೊಡುತ್ತೇನೆ ಎಂದ. ಲೋಕನಾಥ ಹೋದ ಮೇಲೆ ಒಬ್ಬನೇ ಕೂತು ಬನ್ಸು ತರಿಸಿ ತಿಂದ. ಸುಮತಿಯ ಊಟವನ್ನು ಹಗಲಿಗೆ ತರುವುದು ಕಷ್ಟವಲ್ಲ. ಆದರೆ ಪಾಯಸದಲ್ಲಿ ತೇಲುವ ಚಂದ್ರನನ್ನು ಏನು ಮಾಡುವುದೆಂದು ತಿಳಿಯಲಿಲ್ಲ.

ಅವನು ಮನೆಯ ಬೇಲಿಯ ತಡಮೆ ದಾಟುವಾಗ ಹೊತ್ತು ಮುಳುಗಿ ಆಗಿತ್ತು. ಜಗಲಿಯಲ್ಲಿ ತಾಯಿ ಅನಂತಮತಿಯಮ್ಮ ಇರಲಿಲ್ಲ. ಹಟ್ಟಿಯ ಕಡೆ ಸದ್ದಾಯಿತು. ಯಾವತ್ತೂ ಆ ಕಡೆ ತಲೆ ಹಾಕದವನು ಅಂದು ಯಾಕೋ ಹೋಗಿ ನೋಡಿದ.

ಅನಂತಮತಿಯಮ್ಮ ಬಾನಿಯ ಬಳಿ ಬಗ್ಗಿ ನಿಂತಿದ್ದರು. ಕೈಯಲ್ಲಿ ಅನ್ನದ ಪಾತ್ರೆ. ಬಾನಿಯಿಂದ ಆವಿ ಏಳುತ್ತಿತ್ತು. ಕುಚ್ಚಲಕ್ಕಿಯ ಬಿಸಿ ಅನ್ನ, ಅದರ ಮೇಲೆ ಸೌತೆಕಾಯಿ ಹುಳಿ. ದನ ಮೂಗು ಸುಟ್ಟುಕೊಂಡು ತಲೆ ಕೊಡಹಿತು.

"ಬಂದೆಯಾ?" ಎಂದರು ತಾಯಿ. "ನಿನ್ನದು ಆಗಿದೆಯಲ್ಲ?"

ಇದು ದಿನಾ ಕೇಳುವ ಪ್ರಶ್ನೆ. ಪದ್ಮರಾಜ ದಿನಾ ಕೊಡುವ ಉತ್ತರ ಕೊಡಲಿಲ್ಲ. "ನಿಮ್ಮದು ಆಯ್ತಾ ಅಮ್ಮ?" ಎಂದ.

ಅನಂತಮತಿಯಮ್ಮ ತಿರುಗಿ ಮಗನನ್ನು ನೋಡಿದರು. "ನನಗೇನು, ಹಸಿವೆಯೇ ಇರ್ಲಿಲ್ಲ," ಎಂದರು.

"ನಿನ್ನೆ?"

"ನಿನ್ನೆ ಕೂಡ ಅಷ್ಟೇನೂ ಇರ್ಲಿಲ್ಲ."

"ನೀವು ಉಣ್ಣಬೇಕಿತ್ತಲ್ಲ. ನನಗೆ ಯಾಕೆ ಕಾಯುವುದು?"

"ಕಾಯ್ಲಿಕ್ಕೇನು? ಈಗ ಬಂದಿ, ಈಗ ಬಂದಿ ಅಂತ ನೋಡುವುದು, ಅಷ್ಟರಲ್ಲಿ ಹೊತ್ತು ಹೋಗ್ತದೆ." ಪಾತ್ರೆಯ ತಳಕ್ಕೆ ಅಂಟಿದ್ದ ಅಗುಳನ್ನು ಅವರು ಬೆರಳಿನಿಂದ ಸವರಿ ಬಾನಿಗೆ ಉದುರಿಸಿದರು. "ಮೊನ್ನೆ ಲೋಕು ಬಂದವನೂ ಹಾಗೇ. ಉಣ್ಣು ಮಗಾ ಅಂದರೆ, ಪದ್ಮ ಬರ್ಲಿ ಅಂದ. ಹಾಗಾದರೆ ನನಗೂ ಅವಸರ ಇಲ್ಲ ಅಂದೆ. ಇಬ್ಬರೂ ಕೂತೆವು. ಪಾಪ, ಅವನು ಬಾವಿಕಟ್ಟೆಯನ್ನೇ ನೋಡ್ತಾ ಕೂತಿದ್ದ. ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಂತ ನನಗೆ ಗೊತ್ತಾಗ್ಲಿಲ್ಲ."

"ನೀರಾದ್ರೂ ಕುಡಿಯಿರಿ."

"ಹೊತ್ತು ಮುಳುಗಿತಲ್ಲ," ಎಂದು ಅವರು ಬಾವಿಯ ಕಡೆ ನಡೆದರು. ಕೊಡದ ನೀರು ಬಗ್ಗಿಸಿ ಕೈ ತೊಳೆದುಕೊಂಡರು. ಪದ್ಮರಾಜ ಮುಖ ತಿರುಗಿಸಿದ.

ಅವನಿಗೆ ನಾಚಿಕೆಯಾಗಲಿಲ್ಲವೆಂದಲ್ಲ. ಆಯಿತು. ಆದರೆ ಮನುಷ್ಯನ ಮನಸ್ಸು ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವಂಥದ್ದಲ್ಲ. ತಾಯಿ ದೀಪ ಹಚ್ಚಿಟ್ಟು ಜಪಕ್ಕೆ ಕೂತ ಮೇಲೆ ಅವನಿಗೆ ಮೆಲ್ಲನೆ ಹೊಳೆಯಿತು: ಲೋಕನಾಥ ತನ್ನ ಕಥೆಯನ್ನು ಕೊಡುವುದಿಲ್ಲ. ಹಾಗಾದರೆ ಈ ತಾಯಿ, ಈ ಬಾವಿ, ಈ ಬಾನಿ ಈಗ ಯಾರ ಸ್ವತ್ತೂ ಅಲ್ಲ. ನ್ಯಾಯವಾಗಿ ನೋಡಿದರೆ ಮೊದಲಿಂದಲೂ ತನ್ನದೇ. ಬೆಳಗಿನ ಬಸ್ಸಿಗೆ ಇನ್ನೂ ಹೊತ್ತಿದೆ. ಸುಮತಿ, ಅವಳ ಗಂಡ, ಚಂದ್ರ ಎಲ್ಲರನ್ನೂ ಬದಿಗಿಟ್ಟು ಅವನು ಹೊಸ ಹಾಳೆ ತೆಗೆದ.

ಹಲಸಿನ ಮರದ ನೆರಳು ಅಂಗಳ ದಾಟಿ, ಎಂದು ಬರೆದ. ಅದು ಲೋಕನಾಥನ ಸಾಲು. ಹೊಡೆದು ಹಾಕಿದ. ಮುದುಕಿ ಎರಡು ಎಲೆ ಹಾಕಿ, ಎಂದು ಬರೆದ. ಅದೂ ಲೋಕನಾಥನದೇ. ಪಕ್ಕಕ್ಕೆ ಸರಿದು ಬೇರೆ ಏನಾದರೂ ಬರೆಯೋಣವೆಂದು ನೋಡಿದ. ಕಾಯುವಾಗ ಅಮ್ಮ ಜಗಲಿಯ ಯಾವ ತುದಿಯಲ್ಲಿ ಕೂರುತ್ತಾರೆ? ಗೊತ್ತಿಲ್ಲ. ಕೈಯಲ್ಲಿ ಜಪಮಾಲೆ ಇರುತ್ತದೆಯೋ, ಬರೀ ಕೈಯೋ? ಗೊತ್ತಿಲ್ಲ. ಎಲೆ ಸುತ್ತುವಾಗ ಮುಖ ಹೇಗಿರುತ್ತದೆ? ನಿಘಂಟಿನಲ್ಲಿ ಮುಖಕ್ಕೆ ಎಷ್ಟೋ ಶಬ್ದಗಳಿದ್ದವು. ಅಮ್ಮನ ಮುಖ ಮಾತ್ರ ಯಾವ ಅಕ್ಷರದ ಕೆಳಗೂ ಸಿಗಲಿಲ್ಲ. ತನ್ನ ಮನೆಯ ಬಾವಿಕಟ್ಟೆ ಅವನಿಗೆ ಗೊತ್ತಿದ್ದುದು ಲೋಕನಾಥನ ವಾಕ್ಯದಲ್ಲಿ ಮಾತ್ರ. ಅವನು ಪೆನ್ನಿನ ಮುಚ್ಚಳ ಹಾಕಿದ.

ಒಳಗಿನಿಂದ ತಾಯಿ, "ದೀಪಕ್ಕೆ ಎಣ್ಣೆ ಸಾಕಾಗ್ತದಾ ಮಗಾ?" ಎಂದು ಕೇಳಿದರು. ಸಾಕು ಎಂದ.

ಬೆಳಿಗ್ಗೆ ಅವನು ಹೊರಡುವಾಗ ಅನಂತಮತಿಯಮ್ಮ ಸ್ನಾನ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಹೊತ್ತು ಮೂಡಿ ಸ್ವಲ್ಪ ಮೇಲೆ ಬರುವ ತನಕ ಅವರು ನೀರು ಮುಟ್ಟುವಂತಿರಲಿಲ್ಲ. ತುಟಿ ಒಣಗಿತ್ತು. ಇದನ್ನು ಪದ್ಮರಾಜ ನೋಡಿದ.

ಬಸ್ಸು ಹೊರಡಲು ತಯಾರಾಗಿತ್ತು. ಕಂಡಕ್ಟರ್ ಕೂಸಪ್ಪ ಮೇಲಿನ ಗೋಣಿಗಳಿಗೆ ಹಗ್ಗ ಬಿಗಿಯುತ್ತಿದ್ದ. ಲೋಕನಾಥ ಕಿಟಕಿಯ ಬಳಿ ಕೂತು ಕೈ ಚಾಚಿದ. "ಕೊಡು, ಬೇಗ. ಎಲ್ಲಿ ನಿನ್ನ ಕಥೆ?"

"ತರಲಿಲ್ಲ."

"ಯಾಕೆ?"

"ಅದರಲ್ಲಿ ರಾತ್ರಿ ಊಟ ಉಂಟಲ್ಲ."

ಲೋಕನಾಥ ನಗುವುದೋ ಬೇಡವೋ ಎಂದು ನೋಡಿದ. ಪದ್ಮರಾಜ ಕಿಟಕಿಯ ಸರಳು ಹಿಡಿದುಕೊಂಡ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಒಳ್ಳೆಯ ಕನ್ನಡದಲ್ಲಿ ಜೋಡಿಸಿಕೊಂಡು ಬಂದಿದ್ದ; ಈಗ ಅದರಲ್ಲಿ ಒಂದು ಶಬ್ದವೂ ಬಾಯಿಗೆ ಬರಲಿಲ್ಲ.

"ನಿನ್ನ ಕಥೆ ಚೀಲದಲ್ಲಿ ಉಂಟಲ್ಲ? ಅದನ್ನು ಕೊಡು. ತಿದ್ದಬೇಡ, ಹಾಗೇ ಕೊಡು. ನಮ್ಮಲ್ಲಿ ಹಾಗುಂಟು."

"ನಿನ್ನೆ ಇಲ್ಲ ಅಂದಿದ್ದಿ."

"ಅಂದಿದ್ದೆ."

ಲೋಕನಾಥ ಸರಳಿನ ಹತ್ತಿರಕ್ಕೆ ಬಾಗಿದ. ಆಮೇಲೆ ದನಿ ತಗ್ಗಿಸಿ ತುಳುವಿನಲ್ಲಿ ಹೇಳಿದ. "ನಾನು ಅಕ್ಕನ ಹತ್ತಿರ ಹೇಳಿದೆ, ಪದ್ಮ ಯಾಕೆ ಹಾಗೆ ಅಂದನೋ ಅಂತ. ಅವನಿಗೆ ಗೊತ್ತಿರಲಿಕ್ಕಿಲ್ಲ ಅಂದಳು ಅಕ್ಕ. ತಾಯಂದಿರು ಹೇಳುವುದಿಲ್ಲವಲ್ಲ. ನನಗೂ ಹಾಗೇ ತೋರಿತು."

ಹೊಟ್ಟೆಕಿಚ್ಚಿನಿಂದ ಅಂದೆ ಎಂದು ಹೇಳಲು ಅದು ಸರಿಯಾದ ಹೊತ್ತು. ಆ ಮಾತು ಪದ್ಮರಾಜನ ನಾಲಿಗೆಯ ತುದಿಗೂ ಬಂತು. ಆದರೆ ಲೋಕನಾಥನ ಸಂಶಯವಿಲ್ಲದ ಮುಖ ನೋಡಿದಾಗ, ಈ ಮನುಷ್ಯ ಕಥೆಯಲ್ಲಷ್ಟೇ ಅಲ್ಲ, ಇದರಲ್ಲೂ ತನಗಿಂತ ಮೇಲೆ ಹೋದನಲ್ಲ ಎಂದು ಮತ್ತೆ ಉರಿಯಿತು.

"ಗೊತ್ತಿರಲಿಲ್ಲ," ಎಂದ. ಅದು ಸುಳ್ಳೂ ಆಗಿರಲಿಲ್ಲ.

ಕೂಸಪ್ಪ ಬಾಗಿಲು ತಟ್ಟಿ ರೈಟ್ ಹೇಳಿದ. ಬಸ್ಸು ಹೊಗೆ ಬಿಟ್ಟು ಮಂಗಳೂರಿನ ರಸ್ತೆ ಹಿಡಿಯಿತು. ಅದು ದಾರಿಯಲ್ಲಿ ಎಲ್ಲಿಯಾದರೂ ಕೆಟ್ಟು ನಿಲ್ಲಲಿ, ಆಫೀಸಿನ ಬಾಗಿಲು ಹಾಕಿದ ಮೇಲೆ ತಲುಪಲಿ ಎಂದು ಪದ್ಮರಾಜ ಹಾರೈಸಿದ. ಹಾಗೆ ಹಾರೈಸಿದ್ದಕ್ಕೆ ನಾಚಿದ. ನಾಚಿದ ಮೇಲೂ ಹಾರೈಕೆ ಪೂರ್ತಿ ಬಿಟ್ಟು ಹೋಗಲಿಲ್ಲ. ಶಾಲೆಯ ಗಂಟೆ ಕೇಳುವವರೆಗೂ ಜೊತೆಯಲ್ಲೇ ನಡೆದು ಬಂತು.

ಸಂಜೆ ಶಾಲೆ ಬಿಟ್ಟವನು ವಾಚನಾಲಯದ ಎದುರು ಸ್ವಲ್ಪ ನಿಧಾನಿಸಿದ. ಹೊಸ ಸಂಚಿಕೆ ಬರುವ ದಿನ. ಒಳಗೆ ಹೋಗಲಿಲ್ಲ. ಭಟ್ಟರ ಹೋಟೆಲಿನಲ್ಲಿ ಬನ್ಸು ಕರಿಯುವ ವಾಸನೆ ಬರುತ್ತಿತ್ತು. ಅಲ್ಲಿಗೂ ಹೋಗಲಿಲ್ಲ. ಜೈನರ ಪೇಟೆಯ ದಾರಿಯಲ್ಲಿ ಸರಸರ ನಡೆದು ತಡಮೆಯ ಹತ್ತಿರ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು.

ಅವನು ತಡಮೆ ದಾಟದೆ ನಿಂತ.

ಅಮ್ಮ ಜಗಲಿಯ ಈಚೆಯ ತುದಿಯಲ್ಲಿ ಕೂತಿದ್ದರು. ಕೈಯಲ್ಲಿ ಜಪಮಾಲೆ ಇರಲಿಲ್ಲ. ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ಹಣೆಗೆ ಅಡ್ಡ. ಹಲಸಿನ ಮರದ ನೆರಳು ಬಾವಿಕಟ್ಟೆಯ ಬುಡ ಮುಟ್ಟಿತ್ತು. ಲೋಕನಾಥ ಬರೆದದ್ದು ಅಷ್ಟೂ ಸರಿ. ಒಂದು ಮಾತ್ರ ತಪ್ಪು. ಅಮ್ಮ ನೆರಳನ್ನು ನೋಡುತ್ತಿರಲಿಲ್ಲ. ಬಾವಿ ಅವರ ಬೆನ್ನಿನ ಕಡೆಗಿತ್ತು. ಒಮ್ಮೆಯೂ ಅವರು ಆ ಕಡೆ ತಿರುಗಲಿಲ್ಲ. ಅವರು ನೋಡುತ್ತಿದ್ದುದು ದಾರಿಯನ್ನು.

ಲೋಕನಾಥನಿಗೆ ಇದು ಕಾಣಲಿಲ್ಲ. ಅವನಿಗೆ ತಪ್ಪಿತು. ಪದ್ಮರಾಜನ ಎದೆಯಲ್ಲಿ ಗೆದ್ದವನ ಹಿಗ್ಗು ಎದ್ದಿತು. ಈ ಒಂದು ಸಾಲು ಪ್ರಪಂಚದಲ್ಲಿ ಇನ್ನಾರ ಹತ್ತಿರವೂ ಇಲ್ಲ. ಆ ಹಿಗ್ಗಿನಲ್ಲೇ ಅವನು ಮತ್ತೆ ಆ ಕಡೆ ನೋಡಿದ. ಅಮ್ಮನ ಕಣ್ಣು ನೆಟ್ಟಗೆ ಅವನ ಮೇಲೆಯೇ ಇತ್ತು. ಮಂಜಾದ ಆ ಕಣ್ಣಿಗೆ ತಡಮೆಯಲ್ಲಿ ಯಾರೋ ನಿಂತದ್ದು ಕಂಡಿತ್ತು, ಯಾರೆಂದು ಗುರುತು ಹತ್ತಿರಲಿಲ್ಲ. ಈ ಹೊತ್ತಿನಲ್ಲಿ ಮಗ ಬರುವುದನ್ನು ಅವರು ಕಂಡು ಎಷ್ಟೋ ದಿನವಾಗಿತ್ತು.

"ಯಾರದು?" ಎಂದರು.

"ನಾನಮ್ಮ," ಎಂದ ಪದ್ಮರಾಜ.

ಅನಂತಮತಿಯಮ್ಮ ಹಣೆಯಿಂದ ಕೈ ಇಳಿಸಿದರು. ಕಂಬ ಹಿಡಿದು ಎದ್ದು, ಯಾವತ್ತೂ ಇಲ್ಲದ ಅವಸರದಲ್ಲಿ ಒಳಗೆ ಹೋದರು. ಅವನು ತಡಮೆ ದಾಟಿ ಅಂಗಳಕ್ಕೆ ಕಾಲಿಡುವಷ್ಟರಲ್ಲಿ, ಒಳಗೆ ಎಲೆಯ ಮೇಲೆ ನೀರು ಚಿಮುಕಿಸುವ ಸದ್ದು ಕೇಳಿಸಿತು. ಮೊದಲು ಒಂದು ಎಲೆಗೆ, ಆಮೇಲೆ ಇನ್ನೊಂದಕ್ಕೆ.